ಈಜು ಕಲಿಸುವವಳು ಊರು ಬಿಡಲಿಲ್ಲ

ಪೇಟೆಯ ಈಜುಕೊಳದಲ್ಲಿ ಅವಳು ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಅವಳ ಗದರಿಕೆಗೆ ಹೆದರಿ ನೀರಿಗಿಳಿದವರು ಆಮೇಲೆ ಮೇಲೆ ಬನ್ನಿ ಅಂದರೂ ಬರುತ್ತಿರಲಿಲ್ಲ. ಗಂಡನಿಗೆ ಅವನ ಹುಟ್ಟೂರಿನಲ್ಲಿ ದೊಡ್ಡ ಹುದ್ದೆ ಸಿಕ್ಕಿದಾಗ, ಸಂಸಾರವನ್ನು ಕರೆದೊಯ್ಯಲು ಭಾವನೇ ಬಂದರು.

“ಮನೆ ಸಿದ್ಧವಾಗಿದೆಯಮ್ಮಾ. ಆದ್ರೆ ಈ ಈಜು-ಗೀಜು ನಮ್ಮ ಕಡೆ ನಡೆಯಲ್ಲ. ಮಗಳನ್ನೂ ಸ್ವಲ್ಪ ಹದ್ದುಬಸ್ತಲ್ಲಿ ಇಡ್ಬೇಕು.”

ಗಂಡ ಚಹಾದ ಲೋಟದಲ್ಲೇ ಕಣ್ಣು ನೆಟ್ಟಿದ್ದ. ಅವಳಿಗೆ ಮೈಯೆಲ್ಲ ಉರಿಯಿತು.

“ನಾನು ಬರಲ್ಲ ಭಾವ. ಅಲ್ಲಿ ನನ್ನ ಮಗಳು ನಗೋಕೂ ಅಪ್ಪಣೆ ಕೇಳ್ಬೇಕಾಗುತ್ತೆ.”

“ನಮ್ಮಮ್ಮನಿಗೆ ತನ್ನೂರು ಸೇರೋ ಆಸೆ ಇರಲ್ವಾ?” ಎಂದು ಭಾವ ಕೊನೆಯ ಅಸ್ತ್ರ ಬಿಟ್ಟರು.

ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತಿದರು. “ನನ್ನನ್ಯಾಕೋ ನಡುವೆ ಎಳೀತೀಯ? ಆ ಊರಿನ ಬೀದಿನ ನಾನು ಕಂಡಿದ್ದೇ ಕಿಟಕಿಯಿಂದ. ಇಲ್ಲಿ ತರಕಾರಿಗೆ ಒಬ್ಳೇ ಹೋಗ್ತೀನಿ, ಬೇಕಾದ್ರೆ ಅಂಗಡಿಯವನ ಹತ್ರ ಜಗಳಾನೂ ಆಡ್ತೀನಿ. ಸೊಸೆ ಎಲ್ಲೋ ನಾನೂ ಅಲ್ಲೇ.”

ಗಂಡ ಲೋಟ ಕೆಳಗಿಟ್ಟು, “ಆ ಕೆಲ್ಸ ಬೇರೆಯವರಿಗೆ ಹೋಗ್ಲಿ ಬಿಡಣ್ಣಾ. ಒಬ್ನೇ ಹೋಗೋಣ ಅಂದ್ರೆ ನನಗೆ ಅನ್ನ ಬೇಯಿಸೋಕೂ ಬರಲ್ಲ,” ಎಂದ.

ಅವಳು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಸಂಜೆಯ ತರಗತಿಗೆ ಹೊರಟಳು.

“ನಿಲ್ಲೇ, ನಾನೂ ಬರ್ತೀನಿ. ಆ ನೀರಲ್ಲಿ ಅಂಥದ್ದೇನಿದೆ ನೋಡೇಬಿಡೋಣ,” ಎಂದು ಅತ್ತೆ ಚಪ್ಪಲಿ ಮೆಟ್ಟಿದರು.