ನೀಲಿ ಬ್ಯಾರಲ್ಲಿನ ಸಮುದ್ರ

"ಹೀಟರ್ ತಗೋರಿ ಮೇಡಂ, ಎಲ್ಲಾರೂ ತಗೋತಾರ" ಎಂದು ಕಲಬುರಗಿಯ ಮೀನಿನ ಅಂಗಡಿಯವರು ಮೂರನೇ ಸಲ ಹೇಳಿದಾಗ ನನಗೆ ತಲೆ ಕೆಟ್ಟುಹೋಯಿತು. ಅದು ಏಪ್ರಿಲ್ ತಿಂಗಳು. ಹೊರಗೆ ನಿಲ್ಲಿಸಿದ ಸ್ಕೂಟಿಯ ಸೀಟು ಮುಟ್ಟಿದರೆ ಕೈ ಸುಡುತ್ತಿತ್ತು. ಜೇವರ್ಗಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ನಲ್ಲಿ ತಿರುವಿದರೆ ಸ್ನಾನಕ್ಕೆ ಕಾಯಿಸಿದಂಥ ನೀರೇ ಬರುತ್ತದೆ. ಅದನ್ನು ಇನ್ನೂ ಕಾಯಿಸಲು ನಾನೊಂದು ಯಂತ್ರ ಕೊಳ್ಳಬೇಕಂತೆ. "ನನಗ ಬೇಕಾದ್ದು ನೀರು ತಣ್ಣಗ ಮಾಡೂ ಚಿಲ್ಲರ್‍ರಿ" ಎಂದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಗೋಲ್ಡ್‌ಫಿಶ್ ತೊಟ್ಟಿಯ ಕಡೆ ಕೈ ತೋರಿಸಿ, "ಇವಕ್ಕಾದ್ರ ಏನೂ ಬ್ಯಾಡ್ರಿ" ಎಂದರು.

ನನಗೆ ಗೋಲ್ಡ್‌ಫಿಶ್ ಬೇಕಿರಲಿಲ್ಲ. ಒಂದೇ ಒಂದು ಜೀವಂತ ಹವಳ ಬೇಕಿತ್ತು. ಇಪ್ಪತ್ತು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಹವಳದ ಒಂದು ತುಂಡಿದೆ, ಸತ್ತು ಎಷ್ಟು ಕಾಲವಾಯಿತೋ, ಸೀಮೆಸುಣ್ಣದ ಧೂಳು ಕೂತು ಬೂದು ಬಣ್ಣಕ್ಕೆ ತಿರುಗಿದೆ. ಪ್ರತಿವರ್ಷ ಅದನ್ನು ಎತ್ತಿ ಹಿಡಿದು "ಇದು ಕಲ್ಲಲ್ಲ, ಪ್ರಾಣಿಗಳು ಕಟ್ಟಿದ ಮನೆ" ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ನೀವು ಜೀವ ಇದ್ದದ್ದು ನೋಡೀರೇನ್ರಿ ಮಿಸ್" ಎಂದು ಕೇಳಿದಳು. ಇಲ್ಲ ಎಂದೆ. ಅದೇ ದಿನ ಮನೆಗೆ ಬಂದು ನಿರ್ಧಾರ ಮಾಡಿದೆ. ಅದು ಬಾಯಿ ಬಿಡುವುದನ್ನು ನಿವೃತ್ತಿಗೆ ಮುಂಚೆ ನನ್ನ ಕಣ್ಣಾರೆ ನೋಡಬೇಕು, ಅದೂ ನನ್ನ ಮನೆಯಲ್ಲೇ.

ಮನೆಯಲ್ಲಿ ನಾವು ಮೂವರು. ನಾನು ಆಳಂದದ ಕಡೆಯವಳು. ಗಂಡ ಹೆದ್ದಾರಿಯ ಮೇಲೆ ರೈತರಿಗೆ ಪಂಪ್‌ಸೆಟ್ ಮಾರುವ ಅಂಗಡಿ ಇಟ್ಟಿದ್ದಾರೆ. ಅತ್ತೆಯದು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಒಂದು ಹಳ್ಳಿ, ಹದಿನೈದು ವರ್ಷದಿಂದ ನಮ್ಮ ಜೊತೆಗಿದ್ದಾರೆ. ವಿಷಯ ತೆಗೆದಾಗ ಗಂಡ, "ಲಿಂಗವಂತರ ಮನ್ಯಾಗ ಮೀನಾ" ಎಂದು ಊಟದ ತಟ್ಟೆಯಿಂದ ತಲೆ ಎತ್ತಿದರು. ಮೀನಲ್ಲ, ಹವಳ ಎಂದೆ. ಅತ್ತೆ ನನ್ನ ತಾಳಿಯಲ್ಲಿದ್ದ ಎರಡು ಕೆಂಪು ಹವಳಗಳನ್ನು ನೋಡಿದರು.

"ಹಂಗಾರ ನಿನ್ನ ಕೊಳ್ಳಾಗ ಇರೂದು ಸತ್ತ ಪ್ರಾಣಿ ಏನವ್ವ?"

"ಹೌದ್ರಿ ಅತ್ತಿ."

"ಇಷ್ಟು ದಿನ ಯಾರೂ ಹೇಳೇ ಇಲ್ಲ ನೋಡು" ಎಂದು ಅವರು ಬಹಳ ಹೊತ್ತು ನಕ್ಕರು. ಆಮೇಲೆ, "ತರ್ಲಿ ಬಿಡೋ, ಜೀವ ಇದ್ದದ್ದು ಹ್ಯಾಂಗ ಇರ್ತದ ನಾನೂ ನೋಡ್ತೇನಿ" ಎಂದು ಮಗನಿಗೆ ಹೇಳಿದರು. ಈ ಇಡೀ ಹುಚ್ಚಾಟದಲ್ಲಿ ನನ್ನ ಪಕ್ಷಕ್ಕೆ ನಿಂತವರು ಅವರೊಬ್ಬರೇ.

ಉಳಿದವರೆಲ್ಲ ನನ್ನ ಪ್ರಾಣ ತಿಂದರು. ಇಂಟರ್‌ನೆಟ್ಟಿನಲ್ಲಿ ಪಾಠ ಹೇಳುವವರೆಲ್ಲ ಚಳಿ ದೇಶದವರು. ಒಬ್ಬ ಸ್ವೆಟರ್ ಹಾಕಿಕೊಂಡು ಹೀಟರ್ ಬಗ್ಗೆ ಅರ್ಧ ತಾಸು ಮಾತಾಡಿದ, ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಒಬ್ಬ ಈ ದೀಪವೇ ಸರಿ ಎಂದರೆ ಇನ್ನೊಬ್ಬ ಆ ದೀಪ ಕೊಂಡವರು ಮೂರ್ಖರು ಎನ್ನುತ್ತಿದ್ದ. ನಮ್ಮಲ್ಲಿ ಕರೆಂಟು ಹೋದಾಗ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಅವರಲ್ಲಿ ಕರೆಂಟು ಹೋಗುವುದೇ ಇಲ್ಲವೇನೋ.

ಮನೆಯ ಪರಿಣತರು ಬೇರೆ. ನೀರನ್ನು ಕೆಳಗಿನ ತೊಟ್ಟಿಯಿಂದ ಮೇಲಿನದಕ್ಕೆ ಏರಿಸಲು ಒಂದು ಸಣ್ಣ ಮೋಟಾರು ಬೇಕು ಎಂದಾಗ ಗಂಡ ಎದೆಯುಬ್ಬಿಸಿ ಕೂತರು. "ಎಷ್ಟು ಎಚ್‌ಪಿ ಬೇಕು ಹೇಳು, ನಾಳಿಗೇ ತರ್ತೇನಿ."

"ಎಚ್‌ಪಿ ಅಲ್ರಿ. ಇಪ್ಪತ್ತು ವ್ಯಾಟ್."

"ಇಪ್ಪತ್ತು ವ್ಯಾಟಿಂದು ಮೋಟಾರ್ ಅಲ್ಲ, ಬಲ್ಬ್. ಅರ್ಧ ಎಚ್‌ಪಿದು ಹಾಕೂಣು, ಎರಡು ಎಕರೆ ತೋಟಕ್ಕ ನೀರು ಹಾಯಸ್ತದ."

ನನ್ನ ತೊಟ್ಟಿ ಮೂರು ಅಡಿ ಉದ್ದದ್ದು. ಅರ್ಧ ಎಚ್‌ಪಿ ಹಾಕಿದರೆ ಹವಳ ಪಕ್ಕದ ಮನೆಯ ಮಾಳಿಗೆಯ ಮೇಲೆ ಸಿಗುತ್ತಿತ್ತು. ಚಿಲ್ಲರಿನ ಮಾತು ಬಂದಾಗ, "ಕೂಲರ್ ಮುಂದ ಇಡು, ನಮಗ ಸಾಲ್ತದ, ಅದಕ್ಕ ಸಾಲಾಂಗಿಲ್ಲೇನು" ಎಂದರು. ತೊಟ್ಟಿ ಇಡುವ ಸ್ಟ್ಯಾಂಡು ಮಾಡಿದವರು ಟ್ರ್ಯಾಕ್ಟರ್ ಟ್ರಾಲಿ ಬೆಸುಗೆ ಹಾಕುವವರು. ಆನೆ ನಿಂತರೂ ಬಾಗದಷ್ಟು ಗಟ್ಟಿಯಾಗಿ ಮಾಡಿ, ಒಂದು ಕಡೆಗೆ ಇಳಿಜಾರು ಬಿಟ್ಟಿದ್ದರು. ಯಾಕೆಂದರೆ, "ನೀರು ಹರದು ಹೋಗಾಕ ಢಾಳ ಬೇಕಲ್ರಿ ಅಕ್ಕೋರೆ" ಎಂದರು. ನನ್ನ ನೀರು ಎಲ್ಲಿಗೂ ಹರಿದು ಹೋಗಬಾರದು ಎಂದು ಅವರಿಗೆ ತಿಳಿಸುವಷ್ಟರಲ್ಲಿ ಗಂಟಲು ಒಣಗಿತು. ಕೊನೆಗೆ ಅದರ ಕಾಲಡಿಗೆ ಶಹಾಬಾದ್ ಫರಸಿಕಲ್ಲಿನ ಚೂರು ಕೊಟ್ಟು ಮಟ್ಟ ಮಾಡಿದೆವು.

ನೀರಿನೊಳಗಿನ ಕೊಳೆಯನ್ನು ನೊರೆ ಮಾಡಿ ಹೊರಗೆ ಹಾಕುವ ಸ್ಕಿಮ್ಮರ್ ಎಂಬ ಯಂತ್ರವನ್ನು ಪುಣೆಯಿಂದ ತರಿಸಿದೆ. ಬಸ್ಸಿನವರು ಅದನ್ನು ದಾರಿಯ ಚೌಡಾಪುರದಲ್ಲೇ ಇಳಿಸಿ ಹೋಗಿದ್ದರು, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಎಂಟು ದಿನ ಫೋನು ಮಾಡಿ ಮಾಡಿ ಸಾಕಾಗಿ ನಾವೇ ಹೋದೆವು. ಒಂದು ಚಹಾದ ಹೋಟೆಲಿನಲ್ಲಿ ಅದರ ಪೆಟ್ಟಿಗೆಯ ಮೇಲೆ ಕುಳಿತು ಒಬ್ಬ ಹಿರಿಯರು ಒಗ್ಗರಣೆ ಮಂಡಕ್ಕಿಯ ಸೂಸಲಾ ತಿನ್ನುತ್ತಿದ್ದರು. ಏಳಿಸಿದ್ದಕ್ಕೆ ಅವರಿಗೇ ಸಿಟ್ಟು ಬಂತು.

ಆಮೇಲೆ ನೀರಿನ ರಗಳೆ. ನಮ್ಮ ಬೋರಿನ ನೀರು ಗಡಸು. ಓಣಿಯ ಫಿಲ್ಟರ್ ಕ್ಯಾನಿನ ನೀರಿನ ಖನಿಜಾಂಶವನ್ನೂ ಅಳೆದು ನೋಡಿ ಬೇಡವೆಂದೆ. ಗಂಡನಿಗೆ ಅದು ಅವಮಾನವಾಯಿತು. "ನಾವು ಕುಡಿಯೂ ನೀರು ಅದಕ್ಕ ನಡಿಯಾಂಗಿಲ್ಲಾ" ಎಂದು ಎರಡು ದಿನ ಮುಖ ಊದಿಸಿಕೊಂಡರು. ಬೇರೆ ಫಿಲ್ಟರು ಗೋಡೆಗೆ ಕೂರಿಸಿದೆ. ಹಿತ್ತಿಲಲ್ಲಿ ಒಂದು ನೀಲಿ ಬ್ಯಾರಲ್ ಇಟ್ಟು, ಅದರಲ್ಲಿ ಶುದ್ಧ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ಉಪ್ಪಿನಂಶ ಅಳೆಯುವ ಕೊಳವೆಯಲ್ಲಿ ಕಣ್ಣಿಟ್ಟು ನೋಡುವುದನ್ನು ಕಲಿತೆ. ಬೆರೆಸಿದಾಗ ನೀರು ಹಾಲಿನಂತೆ ಬಗ್ಗಡವಾಗುತ್ತದೆ, ಒಂದು ದಿನ ಬಿಟ್ಟರೆ ತಾನೇ ತಿಳಿಯಾಗುತ್ತದೆ. ಇದನ್ನು ನಾನು ಓದಿ ತಿಳಿದುಕೊಂಡಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬ್ಯಾರಲ್ಲಿಗೆ ಒಂದು ಮುಚ್ಚಳ ಕೊಳ್ಳಬೇಕೆಂದೂ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಅದೇನು ದೊಡ್ಡ ಸಾಮಾನು ಎಂದು ಬಿಟ್ಟುಬಿಟ್ಟೆ.

ಐದು ತಿಂಗಳಾದ ಮೇಲೆ, ಮಳೆಗಾಲ ಮುಗಿಯುತ್ತಿರುವಾಗ, ಹೈದರಾಬಾದಿನಿಂದ ಅಂಗೈಯಗಲದ ಒಂದು ಹವಳವನ್ನು ಮಡಿಲಲ್ಲಿಟ್ಟುಕೊಂಡು ತಂದೆ. ಕಲ್ಲು ಕಟ್ಟದ, ಮೆದು ಜಾತಿಯದು. ಹೊಸಬರಿಗೆ ಅದೇ ಸರಿ ಎಂದಿದ್ದರು. ಮೂರು ದಿನ ಅದು ಮುದುಡಿಕೊಂಡೇ ಇತ್ತು. ನಾಲ್ಕನೆಯ ದಿನ ಕಾಲೇಜಿನಿಂದ ಬಂದಾಗ ಅತ್ತೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. "ಬಾ ಬಾ, ಕಣ್ಣ ಬಿಟ್ಟದ" ಎಂದರು. ಮೈತುಂಬ ಸಣ್ಣ ಸಣ್ಣ ಹೂವಿನಂಥ ಬಾಯಿಗಳು ತೆರೆದು ನೀರಿನಲ್ಲಿ ಓಲಾಡುತ್ತಿದ್ದವು. ನಾನು ಚೀಲವನ್ನು ಹೆಗಲಿಂದ ಇಳಿಸುವುದನ್ನೂ ಮರೆತೆ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಚಿತ್ರ ಎಷ್ಟು ಕೆಟ್ಟದಾಗಿತ್ತೆಂದು ಆಗ ಗೊತ್ತಾಯಿತು. ಅಳು ಬಂತು. ಅತ್ತೆ ನೋಡಿಯೂ ನೋಡದಂತೆ ಇದ್ದರು.

ಇಲ್ಲಿ ಅತ್ತೆಯ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಅವರ ಹತ್ತಿರ ಯಾವಾಗಲೂ ತುರಟಿಯ ಒಂದು ಗಟ್ಟಿ ಇರುತ್ತಿತ್ತು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಆ ಬಿಳಿ ಕಲ್ಲು, ಪಟಿಕ. ನದಿಯ ಕೆಂಪು ನೀರಿನಲ್ಲಿ ಅದನ್ನು ಹಿಡಿದು ಗರಗರ ಆಡಿಸಿದರೆ ಕೆಸರು ತಳಕ್ಕೆ ಕೂರುತ್ತದೆ, ನೀರು ತಿಳಿಯಾಗುತ್ತದೆ. ಭೀಮೆಯ ದಂಡೆಯಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಒಂದು ಮಳೆಗಾಲದಲ್ಲಿ ಹೊಸ ನೀರು ಬಂದಾಗ, ಹೊಲದ ಕೆಲಸದ ಅವಸರದಲ್ಲಿ ಅತ್ತೆ ಕೊಡಕ್ಕೆ ತುರಟಿ ಆಡಿಸದೆ ಹೋಗಿದ್ದರು. ಅವರ ಮೊದಲ ಮಗಳು, ಮೂರು ವರ್ಷದವಳು, ಅದೇ ವಾರ ವಾಂತಿಭೇದಿಯಿಂದ ತೀರಿಕೊಂಡಳು. ಅಂದಿನಿಂದ ಅವರು ಮನೆಯ ಯಾವ ನೀರನ್ನೂ ಹಾಗೇ ಬಿಟ್ಟವರಲ್ಲ. ಫಿಲ್ಟರ್ ನೀರಿನ ಹಂಡೆಗೂ ದಿನಾ ಬೆಳಿಗ್ಗೆ ಆಡಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನು ಜಾಣೆಯಂತೆ, ತುರಟಿ ಕೆಸರನ್ನು ಕೂರಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ ಎಂದು ಹೇಳಿದ್ದೆ. ಗಂಡ ಊಟ ಬಿಟ್ಟು ಎದ್ದು ಹೋಗಿದ್ದರು. ಆ ಕೂಸಿನ ಕಥೆ ನನಗೆ ತಿಳಿದದ್ದು ಅವತ್ತೇ. ಮತ್ತೆಂದೂ ಆ ಮಾತು ಎತ್ತಿರಲಿಲ್ಲ.

ಹವಳ ಬಂದು ಹದಿನೈದು ದಿನವಾದ ಮೇಲೆ ತೊಟ್ಟಿಯ ನೀರನ್ನು ಒಂದಿಷ್ಟು ಬದಲಿಸಬೇಕಿತ್ತು. ಬೆಳಿಗ್ಗೆ ಬ್ಯಾರಲ್ಲಿನಲ್ಲಿ ಉಪ್ಪು ಬೆರೆಸಿ ಕಾಲೇಜಿಗೆ ಹೋದೆ. ಸಂಜೆ ಬಂದು ನೋಡಿದರೆ ನೀರು ಕನ್ನಡಿಯಂತೆ ತಿಳಿಯಾಗಿತ್ತು. ತಳದಲ್ಲಿ ಬೆಳ್ಳನೆಯ ಗಷ್ಟು ಕೂತಿತ್ತು. ಉಪ್ಪಿನದೇ ಎಂದುಕೊಂಡೆ, ಇಷ್ಟು ಬೇಗ ತಿಳಿಯಾಯಿತಲ್ಲ ಎಂದು ಖುಷಿಯಿಂದ ಎತ್ತಿ ತೊಟ್ಟಿಗೆ ಸುರಿದೆ.

ಮರುದಿನ ಹವಳ ಬಾಯಿ ಮುಚ್ಚಿಕೊಂಡಿತು. ಅದರ ಮರುದಿನ ಮೈಮೇಲೆ ಲೋಳೆ ಬಂತು. ನಾನು ಚಿಲ್ಲರನ್ನು ಬೈದೆ, ದೀಪವನ್ನು ಇಳಿಸಿ ಏರಿಸಿದೆ, ವೋಲ್ಟೇಜ್ ಸರಿಯಿಲ್ಲವೆಂದು ಗಂಡನ ಜೊತೆ ಜಗಳ ತೆಗೆದೆ, ಪುಣೆಯವರಿಗೆ ಫೋನು ಮಾಡಿ ಸ್ಕಿಮ್ಮರ್ ಕೆಟ್ಟಿದೆ ಎಂದು ಕೂಗಾಡಿದೆ. ಐದು ತಿಂಗಳು ನಿದ್ದೆಗೆಟ್ಟು ಆರಿಸಿದ ಒಂದೊಂದು ಯಂತ್ರದ ಮೇಲೂ ನನಗೆ ಅನುಮಾನ. ಯಾವುದೂ ಕೆಟ್ಟಿರಲಿಲ್ಲ. ನಾಲ್ಕನೆಯ ದಿನ ಹವಳ ಕರಗಿ ಬುಡದಿಂದ ಕಳಚಿಕೊಂಡಿತು. ಅದನ್ನು ಹಿತ್ತಿಲಿಗೆ ಒಯ್ದಾಗ ಬ್ಯಾರಲ್ಲಿನ ಪಕ್ಕದ ಕಟ್ಟೆಯ ಮೇಲೆ ತುರಟಿಯ ಗಟ್ಟಿ ಕಂಡಿತು. ಅದರ ಕೆಳಗೆ ಉಪ್ಪು ಒಣಗಿದ ಬಿಳಿ ಉಂಗುರ ಬಿದ್ದಿತ್ತು. ತುರಟಿಯೊಳಗಿನ ಅಲ್ಯೂಮಿನಿಯಂ ಹವಳಕ್ಕೆ ವಿಷ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಗಟ್ಟಿಯನ್ನು ತೋರಿಸಿದೆ.

"ಬ್ಯಾರಲ್ಲಿಗಿ ಇದು ಆಡಿಸಿದ್ರೇನ್ರಿ?"

"ಹೂಂನವ್ವ. ನೀರು ಬಾಳ ರಾಡಿ ಆಗಿತ್ತು. ಕೂಸಿನಂಥಾದ್ದು, ಅಂಥಾ ನೀರು ಹ್ಯಾಂಗ ಕೊಡೂದಂತ."

ಆಗ ಸುಮ್ಮನಿರಬಹುದಿತ್ತು. ಎಲ್ಲ ಗೊತ್ತಿದ್ದವಳು ನಾನು. ಆದರೂ ನನ್ನ ಬಾಯಿಂದ ಬಂತು: "ನಿಮ್ಮ ಕೈಯಿಂದ ಒಂದು ಜೀವ ಹೋತು ನೋಡ್ರಿ."

ಅವರು ಸೆರಗನ್ನು ಸರಿಮಾಡಿಕೊಂಡರು. ನನ್ನನ್ನು ನೋಡಲಿಲ್ಲ, ಕೈಯಲ್ಲಿದ್ದ ಹವಳವನ್ನು ನೋಡಿದರು.

"ಆಗ ಆಡಿಸಿದ್ದಿಲ್ಲ, ಹೋತು. ಈಗ ಆಡಿಸಿದೆ, ಹೋತು" ಎಂದರು. ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಮಲಗಿದರು.

ನಾನು ಕ್ಷಮೆ ಕೇಳಿದೆ. ತಪ್ಪು ನನ್ನದೇ, ನಾನೇ ಹೇಳಬೇಕಿತ್ತು ಎಂದು ಮೂರು ನಾಲ್ಕು ಸಲ ಹೇಳಿದೆ. "ಇರ್ಲಿ ಬಿಡವ್ವ, ನಿನಗ ಬಾಳ ಹಳಹಳಿ ಆಗಿತ್ತು" ಎಂದರು. ಸಿಟ್ಟು ಇರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ತುರಟಿಯ ಗಟ್ಟಿಯನ್ನು ಅವರು ಮತ್ತೆ ಮುಟ್ಟಲಿಲ್ಲ. ಕುಡಿಯುವ ನೀರಿನ ಹಂಡೆಗೂ ಆಡಿಸಲಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಕೇಳುತ್ತಿದ್ದ ಆ ಗರಗರ ಸದ್ದು ನಿಂತುಹೋಯಿತು. ಅದು ನಿಂತದ್ದು ಗಂಡನ ಗಮನಕ್ಕೂ ಬಂತು. ನಾನು ಆಡಿದ ಮಾತನ್ನು ಅತ್ತೆ ಅವರಿಗೆ ಹೇಳಿರಲಿಲ್ಲ.

ತೊಟ್ಟಿ ಈಗಲೂ ನಡೆಯುತ್ತಿದೆ. ಚಿಲ್ಲರ್ ಗುಂಯ್ಯೆನ್ನುತ್ತದೆ, ಸ್ಕಿಮ್ಮರ್ ನೊರೆ ತೆಗೆಯುತ್ತದೆ, ಒಳಗೆ ಬರೀ ಕಲ್ಲುಗಳಿವೆ. ಬ್ಯಾರಲ್ಲಿಗೆ ಮುಚ್ಚಳ ತಂದೆ. ತಂದ ದಿನವೇ ಅದನ್ನು ಅತ್ತೆಗೆ ಕಾಣದಂತೆ ಎಲ್ಲಿಡಲಿ ಎಂದು ಒದ್ದಾಡಿದೆ. ಕ್ಲಾಸಿನಲ್ಲಿ ಈ ವರ್ಷ ಯಾರಾದರೂ ಕೇಳಿದರೆ, ನೋಡಿದ್ದೇನೆ ಎಂದು ಹೇಳಬಹುದು. ಯಾರೂ ಕೇಳಿಲ್ಲ.

ನಿನ್ನೆ ಬೆಳಿಗ್ಗೆ ಅತ್ತೆ ಇನ್ನೂ ಮಂಚದ ಮೇಲೆ ಇದ್ದರು. ನಾನು ಹಿತ್ತಿಲಿಗೆ ಹೋಗಿ ತುರಟಿಯ ಗಟ್ಟಿಯನ್ನು ತಂದು ತೊಳೆದೆ. ಫಿಲ್ಟರ್ ನೀರು ತುಂಬಿದ ಹಂಡೆಯಲ್ಲಿ ಕೈ ಇಳಿಬಿಟ್ಟು ಅವರು ಮಾಡುತ್ತಿದ್ದಂತೆಯೇ ಆಡಿಸಿದೆ. ಅದರಿಂದ ಆ ನೀರಿಗೆ ಏನೂ ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಯಾರಿದ್ದಾರೆ. ಬಳೆಗಳು ಹಂಡೆಯ ಅಂಚಿಗೆ ತಾಗಿ ಸದ್ದು ಮಾಡುತ್ತಿದ್ದವು. ಸಾಕೆಂದು ಕೈ ತೆಗೆಯುವಾಗ ಒಳಕೋಣೆಯಿಂದ ಅತ್ತೆಯ ದನಿ ಬಂತು.

"ಇನ್ನೆರಡು ಸುತ್ತು ಹಾಕು. ಅಷ್ಟಕ್ಕ ಸಾಲಾಂಗಿಲ್ಲ."

ನಾನು ಇನ್ನೆರಡು ಸುತ್ತು ಹಾಕಿದೆ.