ಎಡಗಡೆಯ ಜೇಬು

ನಮ್ಮ ದೊಡ್ಡಮ್ಮನಿಗೆ ಕೋಪ ಮೂಗಿನ ತುದಿಯಲ್ಲಿ. ಪ್ರೀತಿಯನ್ನು ಮಾತ್ರ ಎಲ್ಲಿಟ್ಟಿದ್ದಾಳೋ ಹುಡುಕಬೇಕು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದವಳು. ಕೆಲಸ ಕಲಿಯಲು ಹೋದ ನನಗೆ ಮೊದಲು ಕಲಿಸಿದ್ದು ಬೈಸಿಕೊಳ್ಳುವುದನ್ನು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ದುಂಡನೆಯ ಅಯಸ್ಕಾಂತವೊಂದು ದಾರದಲ್ಲಿ ಸದಾ ಅವಳ ಕೊರಳಿನಲ್ಲಿರುತ್ತಿತ್ತು. ಬಿದ್ದ ಗುಂಡುಸೂಜಿಗಳು ತಾವಾಗಿಯೇ ಬಂದು ಅದಕ್ಕೆ ಅಂಟಿಕೊಳ್ಳಬೇಕು. ಹುಡುಕುತ್ತಾ ಕೂರುವ ತಾಳ್ಮೆ ಅವಳಿಗೆಲ್ಲಿ?

ದೊಡ್ಡಪ್ಪನ ಎದೆಯ ಎಡಗಡೆ, ಚರ್ಮದ ಕೆಳಗೆ, ಪೇಸ್‌ಮೇಕರ್ ಕೂರಿಸಿದರು. ಮೊಬೈಲು, ಇಯರ್‌ಫೋನು, ಅಯಸ್ಕಾಂತ ಇರುವ ಯಾವುದನ್ನೇ ಆದರೂ ಅದರಿಂದ ಒಂದು ಗೇಣು ದೂರವಿಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ದೊಡ್ಡಮ್ಮ ಕೇಳಿಸಿಕೊಂಡದ್ದು ಮೊಬೈಲನ್ನು ಮಾತ್ರ. ಮನೆಗೆ ಬಂದವಳೇ ಗಂಡನ ಅಂಗಿಗಳನ್ನೆಲ್ಲ ರಾಶಿ ಹಾಕಿಕೊಂಡು ಎಡ ಜೇಬುಗಳ ಹೊಲಿಗೆ ಬಿಚ್ಚಿದಳು. ಅಭ್ಯಾಸ ಬಿಡಬೇಕಲ್ಲ! ಇಲ್ಲದ ಜೇಬಿಗೆ ದೊಡ್ಡಪ್ಪ ಮೊಬೈಲು ಇಳಿಬಿಡುವುದು, ಅದು ನೆಲಕ್ಕೆ ಬೀಳುವುದು, ಇವಳು ಒಳಗಿನಿಂದಲೇ ಗದರುವುದು ದಿನಚರಿಯಾಯಿತು. ಮನೆಗೆ ಬಂದವರ ಮೊಬೈಲುಗಳೂ ಬಾಗಿಲ ಬಳಿಯ ಡಬ್ಬಿಗೆ ಹೋದವು, ನನ್ನದೂ ಸೇರಿ.

ಬಲಗಡೆ ಜೇಬಿಡುವ ಹೊಸ ಅಂಗಿಗೆಂದು ಒಂದು ಮಧ್ಯಾಹ್ನ ದೊಡ್ಡಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡಳು. ಬೆನ್ನ ಸುತ್ತ ಟೇಪು ಹಾಯಿಸಲು ತಬ್ಬಿದಂತೆ ಬಾಗಿದಾಗ ದೊಡ್ಡಪ್ಪ ಎದೆ ಹಿಡಿದು ಗೋಡೆಗೆ ಒರಗಿದರು. ಅವಳು ಗಾಬರಿಯಾಗಿ ಹಿಂದೆ ಸರಿದಳು. ಸರಿದ ಕೂಡಲೇ ಅವರು ಸುಧಾರಿಸಿಕೊಂಡರು.

"ಏನಾಯ್ತು ರೀ?"

"ಏನಿಲ್ಲ. ನೀನು ಹತ್ತಿರ ಬಂದಾಗೆಲ್ಲ ಎದೆ ಹೀಗೇ ಡವಡವ ಅನ್ನುತ್ತೆ. ಈ ವಯಸ್ಸಲ್ಲಿ ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ಅವಳ ಕೊರಳಲ್ಲಿ ತೂಗುತ್ತಿದ್ದ ಅಯಸ್ಕಾಂತದ ಮೇಲೆ ಕಣ್ಣು ಬಿತ್ತು. ದೊಡ್ಡಮ್ಮನೂ ತಲೆ ತಗ್ಗಿಸಿ ಅದನ್ನೇ ನೋಡುತ್ತಿದ್ದಳು. ಕಂಡವರ ಮೊಬೈಲನ್ನೆಲ್ಲ ಡಬ್ಬಿಗೆ ಹಾಕಿಸಿದವಳ ಮುಖ ಬಿಳಿಚಿಕೊಂಡಿತ್ತು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಪೇಸ್‌ಮೇಕರ್ ಸರಿಯಾಗಿದೆ, ಆ ಅಯಸ್ಕಾಂತ ದೂರವಿದ್ದರೆ ಸಾಕು ಎಂದರು. ಅವಳು ಅದನ್ನು ಬಿಚ್ಚಿ ಹಿಂದಿನ ಕೋಣೆಯ ಮೊಳೆಗೆ ನೇತುಹಾಕಿದಳು. ಆದರೂ ದೊಡ್ಡಪ್ಪನ ಹತ್ತಿರ ಸುಳಿಯಲಿಲ್ಲ. ನನ್ನ ಕೈಯಿಂದಲೇ ಅವರ ಜೀವ ಹೋಗ್ತಿತ್ತು ಎಂದು ಅಡುಗೆಮನೆಯಲ್ಲಿ ನಿಂತು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ದಿನ ಟೇಪನ್ನು ನನ್ನ ಕೈಗಿಟ್ಟು, ಅವರ ಅಳತೆ ನೀನೇ ತೆಗೆದುಕೋ ಎಂದು ಬಾಗಿಲಲ್ಲೇ ನಿಂತಳು. ದೊಡ್ಡಪ್ಪ ನನಗೆ ಅಳತೆ ಕೊಡಲಿಲ್ಲ. ಎರಡೂ ಕೈ ಅಗಲಿಸಿ ಅವಳ ಕಡೆಗೇ ತಿರುಗಿ ನಿಂತರು.

"ಅದನ್ನ ತೆಗೆದಿಟ್ಟೆಯಲ್ಲ," ಎಂದರು. "ಇನ್ನು ನೀನು ಬಾ."