ಹೊಟ್ಟೆಯಲ್ಲಿ ಇಲ್ಲದ ಗಡ್ಡಿ

ಮುಂಡರಗಿಯಿಂದ ಗದಗಿಗೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ನನಗೆ ಸೀಟು ಬಿಟ್ಟಳು. ನನಗೆ ನಲವತ್ತಾರು ತುಂಬಿತ್ತು. ಪಕ್ಕದಲ್ಲಿ ಎಪ್ಪತ್ತು ದಾಟಿದ ನನ್ನ ಅವ್ವ ಕಂಬ ಹಿಡಿದು ನಿಂತಿದ್ದಳು.

"ಕುಂಡ್ರವಾ, ಎರಡು ಜೀವದಾಕಿ."

"ಅಯ್ಯ, ಹಂಗೇನಿಲ್ರಿ."

"ನಾಚಿಗಿ ಯಾಕ? ನಮ್ಮ ನೆಗೆಣ್ಣಿಗೂ ತಡಾಗೇ ಆಗೈತಿ."

ಹಿಂದಿನ ಸೀಟಿನವರು ನಕ್ಕರು. ಆ ಸೀಟಿನಲ್ಲಿ ನಾನು ಅವ್ವನನ್ನು ಕೂಡಿಸಿದೆ ಎಂದೇ ನನ್ನ ನೆನಪು. ಅವ್ವ ಹೇಳುವ ಪ್ರಕಾರ ಕೂತದ್ದು ನಾನು. ಅವಳ ಮಾತೇ ಖರೆ ಇರಬೇಕು. ಯಾಕೆಂದರೆ ಅವಳು ಬಗ್ಗಿ ನನ್ನ ಹೊಟ್ಟೆ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಕೂತವಳು ಅವಳಾಗಿದ್ದರೆ ಬಗ್ಗಬೇಕಾಗಿರಲಿಲ್ಲ.

"ಗಡ್ಡಿ ಮತ್ತ ಬೆಳದೈತೇನ?" ಎಂದು ಕಿವಿಯ ಹತ್ತಿರ ಕೇಳಿದಳು.

ನನ್ನ ಹೊಟ್ಟೆಯಲ್ಲಿ ಗಡ್ಡಿ ಎಂದೂ ಇರಲಿಲ್ಲ. ಎರಡು ಸಿಜೇರಿಯನ್ ಆದಮೇಲೆ ಹೊಟ್ಟೆ ಜೋತುಬಿದ್ದಿತ್ತು. ಎಂಟು ವರ್ಷದ ಹಿಂದೆ ಹುಬ್ಬಳ್ಳಿಗೆ ಹೋಗಿ, ಹೆಚ್ಚಾದ ಚರ್ಮ ಕತ್ತರಿಸಿ ತೆಗೆಸಿ, ಒಳಗಿನ ಸ್ನಾಯು ಬಿಗಿಸಿ ಹೊಲಿಸಿಕೊಂಡೆ. ಗಂಡನಿಗೆ ಗೊತ್ತಿತ್ತು. ಹಿರೇವಡ್ಡಟ್ಟಿಯಲ್ಲಿದ್ದ ಅವ್ವನಿಗೆ ಏನು ಹೇಳುವುದು? ಚಂದ ಕಾಣಲು ಹೊಟ್ಟೆ ಕೊಯ್ಯಿಸಿಕೊಳ್ಳುತ್ತೇನೆ ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. "ಸಣ್ಣ ಗಡ್ಡಿ ಐತಂತ, ತಗೀತಾರ" ಎಂದೆ. ಇದನ್ನು ಫೋನಿನಲ್ಲಿ ಹೇಳಿದ ಹಾಗೂ ನೆನಪಿದೆ, ಅವಳ ಎದುರಿಗೆ ಒಲೆಯ ಬಳಿ ಹೇಳಿದ ಹಾಗೂ ನೆನಪಿದೆ. ಎರಡರಲ್ಲೂ ನಾನು ಅಳುಕುತ್ತಾ, ಒಳ್ಳೆಯವಳಾಗಿ ಕಾಣುತ್ತೇನೆ. ಹಾಗಾಗಿ ಎರಡನ್ನೂ ನಂಬುವುದಿಲ್ಲ.

ಅವ್ವ ಅದೇ ದಿನ ಊರ ದೇವಿಯ ಮುಂದೆ ಹರಕೆ ಹೊತ್ತಳು. ಮಗಳ ಹೊಟ್ಟೆಯ ಗಡ್ಡಿ ಹೋಗಲಿ, ತಾನು ಇನ್ನು ಯಾವ ಗಡ್ಡಿಯನ್ನೂ ಬಾಯಿಗೆ ಹಾಕುವುದಿಲ್ಲ. ಅವಳು ಬಿಟ್ಟದ್ದು ಹೆಸರಿನ ಪ್ರಕಾರ. ಆಲೂಗಡ್ಡಿ ಬಿಟ್ಟಳು, ಅದೇನು ಅವಳಿಗೆ ಕಷ್ಟವಲ್ಲ. ಗಜ್ಜರಿ, ಮೂಲಂಗಿ, ಬೆಳ್ಳುಳ್ಳಿಗಳ ಹೆಸರಿನಲ್ಲಿ ಗಡ್ಡಿ ಇಲ್ಲದ್ದರಿಂದ ಅವು ಉಳಿದವು. ಹೋದದ್ದು ಉಳ್ಳಾಗಡ್ಡಿ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನುತ್ತಿದ್ದ ಹೆಂಗಸು ಅವಳು.

ಎಂಟು ವರ್ಷ. ಬೆಟಗೇರಿಯ ನನ್ನ ಮನೆಗೆ ಬಂದಾಗಲೆಲ್ಲ ಅವಳ ಪಲ್ಯವನ್ನು ಬೇರೆ ಪಾತ್ರೆಯಲ್ಲಿ ಮಾಡಿದ್ದೇನೆ. ಉಳ್ಳಾಗಡ್ಡಿ ಹೆಚ್ಚಿದ ಚಾಕುವನ್ನು ತೊಳೆದು ಅವಳ ಬದನೆಕಾಯಿ ಹೆಚ್ಚಿದ್ದೇನೆ. ಎಷ್ಟು ಮುತುವರ್ಜಿಯಿಂದ ಮಾಡುತ್ತಿದ್ದೆನೆಂದರೆ ನೆರೆಮನೆಯಾಕೆ, "ಇಂಥಾ ಮಗಳು ಎಲ್ಲಾರಿಗೂ ಹುಟ್ಟಲಿ" ಅಂದಿದ್ದಳು.

ಹೊಟ್ಟೆ ಮತ್ತೆ ಮುಂದೆ ಬಂದದ್ದು ಯಾವಾಗ? ಕೊಯ್ದ ಗಾಯದ ಗೆರೆ ಸೊಂಟದ ಈ ತುದಿಯಿಂದ ಆ ತುದಿಗೆ ತೆಳ್ಳಗೆ ಹಾಗೆಯೇ ಇತ್ತು, ಅದರ ಮೇಲಿನ ಭಾಗ ಉಬ್ಬಿತು. ಬೆಳಿಗ್ಗೆ ಕಡಿಮೆ, ಸಂಜೆಗೆ ಹೆಚ್ಚು. ಕೆಮ್ಮಿದರೆ ನಡುವೆ ದಿಂಡಿನ ಹಾಗೆ ಎದ್ದು ನಿಲ್ಲುತ್ತಿತ್ತು. ನಿರಿಗೆಯನ್ನು ಮೇಲೆ ಸಿಕ್ಕಿಸುತ್ತ ಬಂದೆ. ಬಸ್ಸಿನ ಹೆಂಗಸು ಅದನ್ನು ಒಂದೇ ನೋಟಕ್ಕೆ ಕಂಡಳು.

ಆ ದಿನ ಬೆಟಗೇರಿಗೆ ಬಂದು ಕಾಲು ತೊಳೆದದ್ದೇ ಅವ್ವ ಅಡುಗೆಮನೆಯ ಬಾಗಿಲು ಎಳೆದುಕೊಂಡಳು.

"ತಪ್ಪು ನಂದವಾ. ನಾ ತಿಂದೆ."

"ಏನ್ ತಿಂದಿ?"

"ಲಕ್ಷ್ಮೇಶ್ವರದ ಮದಿವ್ಯಾಗ. ಊಟ ತಡಾತು, ಹೊಟ್ಟಿ ಹಸದಿತ್ತು. ಗಿರ್ಮಿಟ್ ಕೊಟ್ರು. ಉಳ್ಳಾಗಡ್ಡಿ ಆರಿಸಿ ಆರಿಸಿ ಒಗದೆ, ಆದ್ರ ಸಣ್ಣಾಗಿ ಹೆಚ್ಚಿದ್ರು..." ಸ್ವಲ್ಪ ತಡೆದು, "ಖರೆ ಹೇಳ್ತೀನಿ, ಕಡೀಕ ಆರಿಸಲಿಲ್ಲ. ರುಚಿ ಆತು. ತಿಂದುಬಿಟ್ಟೆ. ಅದಕ್ಕ ನಿನಗ ಹಿಂಗ ಆತು."

ಅಲ್ಲಿಯೇ ಹೇಳಬಹುದಾಗಿತ್ತು. "ಹುಚ್ಚಿ ಇದ್ದೀಯೇನ, ಹಂಗೆಲ್ಲ ಆಗೂದಿಲ್ಲ" ಎಂದೆ. ಇದು ಸಮಾಧಾನದ ಮಾತು, ಹೇಳಬೇಕಾಗಿದ್ದ ಸತ್ಯವಲ್ಲ. ಅವಳಿಗೆ ಸಮಾಧಾನವೂ ಆಗಲಿಲ್ಲ. ಎರಡು ದಿನ ಒಂದೇ ಹೊತ್ತು ಉಂಡಳು.

ಮೂರನೆಯ ದಿನ ಗದಗಿನ ಡಾಕ್ಟರ ಹತ್ತಿರ ಹೋದೆ. ಬರಬೇಡ ಎಂದರೂ ಜೊತೆಗೆ ಬಂದಳು. ಸ್ಕ್ಯಾನಿಂಗ್ ಆಯಿತು. ಡಾಕ್ಟರು ನನ್ನನ್ನು ಮಲಗಿಸಿ, ತಲೆ ಎತ್ತಲು ಹೇಳಿ, ಹೊಟ್ಟೆಯ ನಡುವೆ ಬೆರಳೂರಿ ನೋಡಿದರು.

"ಮೊದ್ಲ ಏನ್ ಆಪರೇಶನ್ ಆಗಿತ್ತು?"

ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೇಳಿದಳು, "ಗಡ್ಡಿ ತಗದಾರ್ರಿ. ದೊಡ್ಡದಿತ್ರಿ."

ಡಾಕ್ಟರು ಗಾಯದ ಗೆರೆ ನೋಡಿದರು, ನನ್ನ ಮುಖ ನೋಡಿದರು. ಪೆನ್ನು ಕಾಗದದ ಮೇಲೆ ನಿಂತಿತ್ತು. ಆಗ ಹೇಳಿದೆ. ಧೈರ್ಯದಿಂದ ಹೇಳಿದೆ ಎಂದು ಬರೆಯಲು ಆಸೆಯಾಗುತ್ತಿದೆ. ತಪ್ಪು ಕಾಯಿಲೆಗೆ ಔಷಧ ಬರೆದಾರೆಂಬ ಹೆದರಿಕೆಯೂ ಅಷ್ಟೇ ಇತ್ತು.

"ಗಡ್ಡಿ ಅಲ್ರಿ. ಹೊಟ್ಟಿ ಸಣ್ಣ ಮಾಡಿಸ್ಕೊಂಡಿದ್ದೆ."

ಒಳಗೆ ಬಿಗಿಸಿದ್ದ ಹೊಲಿಗೆ ವರ್ಷ ಕಳೆದಂತೆ ಸಡಿಲಾಗಿದೆ, ಸ್ನಾಯುಗಳು ಮತ್ತೆ ಅಗಲಿವೆ, ತೂಕವೂ ಏರಿದೆ ಎಂದರು ಡಾಕ್ಟರು. ಸ್ಕ್ಯಾನಿನಲ್ಲಿ ಬೇರೇನೂ ಇಲ್ಲ. ಭಾರ ಎತ್ತಬೇಡಿ, ವ್ಯಾಯಾಮ ಮಾಡಿ, ಆಮೇಲೆ ನೋಡೋಣ.

ಅವ್ವ ಕೇಳಿದ್ದು ಒಂದೇ. "ಗಡ್ಡಿ ಇಲ್ಲೇನ್ರಿ ಹಂಗಾರ?"

"ಇಲ್ಲಬೇ."

ಅವಳು ಎರಡೂ ಕೈ ಮುಗಿದಳು. ಡಾಕ್ಟರಿಗೋ, ಗೋಡೆಗೋ ತಿಳಿಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೊರಗೆ ಬೆಂಚಿನ ಮೇಲೆ ಕೂತೆವು. ಅವ್ವ ಸೆರಗಿನ ಅಂಚು ತಿಕ್ಕುತ್ತಿದ್ದಳು.

"ನಾ ತಿಂದಿದ್ದಕ್ಕ ಅಲ್ಲ?"

"ಅಲ್ಲವ್ವಾ. ನಿನಗ ಸುಳ್ಳು ಹೇಳಿದೆ."

"ಚಂದ ಇದ್ದೆಲ್ಲಲೇ. ಯಾಕ ಕೊಯ್ಯಿಸ್ಕೊಂಡಿ?" ನನ್ನ ಕಡೆ ಪೂರಾ ತಿರುಗಿದಳು. "ಯಾರರ ಏನರ ಅಂದಿದ್ರೇನ? ನಾ ಏನರ ಅಂದಿದ್ದೆನೇನ?"

ಈ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. ಎರಡನೆಯ ಬಾಣಂತನದಲ್ಲಿ ಎಣ್ಣೆ ಹಚ್ಚಿದ ಕೈಯೊಂದು ನನ್ನ ಹೊಟ್ಟೆಯನ್ನು ತೀಡುತ್ತಿತ್ತು. ನಗುತ್ತಾ ಒಂದು ದನಿ, "ಇದು ಇನ್ನ ಇಳಿಯೂದಲ್ಲ ಬಿಡು" ಅಂದಿತ್ತು. ದನಿ ಯಾರದು ಎಂಬುದು ನೆನಪಿಲ್ಲ. ಆ ಬಾಣಂತನದಲ್ಲಿ ನನಗೆ ಎಣ್ಣೆ ಹಚ್ಚಿ ಎರೆದವಳು ಅವ್ವ ಒಬ್ಬಳೇ. ಅಥವಾ ಅವಳು ಕೇಳಿದ ಮೇಲೆ, ತಪ್ಪು ಹಂಚಿಕೊಳ್ಳಲು ಯಾರಾದರೂ ಇರಲಿ ಎಂದು, ನಾನೇ ಆ ದನಿಯನ್ನು ಆ ಬಚ್ಚಲಲ್ಲಿ ತಂದು ಕೂಡಿಸಿರಬಹುದು.

"ಇಲ್ಲ. ನೀ ಏನೂ ಅಂದಿಲ್ಲ."

"ನನ್ನ ಮಾರಿ ನೋಡಿ ಹೇಳು."

ನೋಡಿ ಹೇಳಿದೆ.

"ಆತು," ಅಂದಳು ಅವ್ವ, ಮತ್ತು ಎದ್ದು ನಿಲ್ಲಲು ನನ್ನ ಭುಜ ಹಿಡಿದಳು.